ಕ್ಷುದ್ರಗ್ರಹಗಳ ಪಟ್ಟಿಯಲ್ಲಿ ಕಲ್ಲುಗಳು ಕಿಕ್ಕಿರಿದಿವೆಯೇ?

ಪ್ರಶ್ನೆ: ಸರ್, ಸೌರಮಂಡಲದಲ್ಲಿ ಗ್ರಹ ಬಿಟ್ಟರೆ ಇನ್ನೇನಿದೆ? ಮಂಗಳ, ಗುರುವಿನ ನಡುವೆ ಅಷ್ಟೊಂದು ಕಲ್ಲುಗಳಿರುವಾಗ ನೌಕೆಗಳು ಅವಕ್ಕೆ ಬಡಿಯದೆ ಹೇಗೆ ದಾಟುತ್ತವೆ?

ಮೊದಲನೆಯದಕ್ಕೆ ಉತ್ತರ ಚಿಕ್ಕದು. ನಡುವೆ ಸೂರ್ಯ. ಇಡೀ ಸೌರಮಂಡಲದ ದ್ರವ್ಯರಾಶಿಯಲ್ಲಿ ಶೇ. 99.8ರಷ್ಟು ಅವನೊಬ್ಬನದೇ. ಉಳಿದ ಚೂರುಪಾರಿನಲ್ಲಿ 8 ಗ್ರಹ, ಅವುಗಳ ಚಂದ್ರರು, ಕುಬ್ಜ ಗ್ರಹಗಳು, ಕ್ಷುದ್ರಗ್ರಹಗಳು, ಧೂಮಕೇತುಗಳು. ಪ್ಲೂಟೊ ಎಲ್ಲೂ ಹೋಗಿಲ್ಲ. 2006ರಲ್ಲಿ ಅದನ್ನು ಕುಬ್ಜ ಗ್ರಹಗಳ ಸಾಲಿಗೆ ಸೇರಿಸಿದರು, ಅಷ್ಟೇ.

ಎರಡನೆಯ ಪ್ರಶ್ನೆ ಮಾತ್ರ ಎಷ್ಟು ಸಲ ಉತ್ತರಿಸಿದರೂ ಮತ್ತೆ ಬರುತ್ತದೆ. ಸಿನಿಮಾದಲ್ಲಿ ನೌಕೆ ಬಂಡೆಗಳ ನಡುವೆ ನುಸುಳುವುದನ್ನು ನೋಡಿರುತ್ತೀರಿ. ಪಾಠಪುಸ್ತಕದ ಚಿತ್ರದಲ್ಲೂ ಅಲ್ಲಿ ಒತ್ತೊತ್ತಾಗಿ ಚುಕ್ಕೆ ಇಟ್ಟಿರುತ್ತಾರೆ. ಪುಟದ ಅಗಲವೇ ಅಷ್ಟು, ಬರೆದವರು ಏನು ಮಾಡಬೇಕು? ಆದರೆ ಅದೇ ನಿಜ ಅಂದುಕೊಳ್ಳಬೇಡಿ.

ನಮ್ಮ ರಸ್ತೆಯ ಮೇಲೇ ಅಳೆಯೋಣ. ಹುಬ್ಬಳ್ಳಿಯ ಚನ್ನಮ್ಮ ಸರ್ಕಲ್‌ನಲ್ಲಿ ಸೂರ್ಯನನ್ನಿಡಿ, ಸುಮಾರು 20 ಕಿ.ಮೀ. ಆಚೆ ಧಾರವಾಡದಲ್ಲಿ ನೆಪ್ಚೂನ್ ಇಡಿ. ಆಗ ಸೂರ್ಯನ ಅಗಲ 6 ಮೀಟರ್. ಭೂಮಿ 665 ಮೀಟರ್ ದೂರದಲ್ಲಿ, ಅಗಲ 6 ಸೆಂ.ಮೀ.ಗಿಂತ ಕಡಿಮೆ. ಮಂಗಳ 1 ಕಿ.ಮೀ.ಗೆ, ಗುರು ಮೂರೂವರೆ ಕಿ.ಮೀ.ಗೆ ಸಿಗುತ್ತವೆ. ನೀವು ಕೇಳಿದ ಆ ಕಲ್ಲುಗಳ ಹರವು, ಅಂದರೆ ಕ್ಷುದ್ರಗ್ರಹಗಳ ಪಟ್ಟಿ, ಬರುವುದು ಇದೇ ರಸ್ತೆಯ ವಿದ್ಯಾನಗರದ ಆಸುಪಾಸಿನಲ್ಲಿ. ಅಲ್ಲಿ ಏನು ಕಾಣುತ್ತದೆ? ಎಲ್ಲಕ್ಕಿಂತ ದೊಡ್ಡದಾದ ಸೆರೆಸ್ ಒಂದು ಜೋಳದ ಕಾಳಿನಷ್ಟು! 1 ಕಿ.ಮೀ.ಗಿಂತ ಅಗಲದ ಕಲ್ಲುಗಳು 10 ಲಕ್ಷಕ್ಕೂ ಜಾಸ್ತಿ ಇವೆ ಅನ್ನುವುದು ನಿಜ. ಆದರೆ ಈ ಅಳತೆಯಲ್ಲಿ ಅವುಗಳಲ್ಲಿ ಹೆಚ್ಚಿನವು ಕಣ್ಣಿಗೆ ಕಾಣದ ಧೂಳು. ಒಂದರಿಂದ ಇನ್ನೊಂದಕ್ಕೆ ಮೀಟರ್‌ಗಟ್ಟಲೆ ಅಂತರ. ಎಲ್ಲವನ್ನೂ ಒಟ್ಟಿಗೆ ಗುಡ್ಡೆ ಹಾಕಿದರೂ ನಮ್ಮ ಚಂದ್ರನ ದ್ರವ್ಯರಾಶಿಯ ನೂರರಲ್ಲಿ ಮೂರು ಪಾಲು ಆಗುತ್ತದೆ.

1972–73ರಲ್ಲಿ ಪಯೊನಿಯರ್ 10 ನೌಕೆ ಮೊದಲ ಸಲ ಈ ಪಟ್ಟಿಯನ್ನು ದಾಟಿದಾಗ ವಿಜ್ಞಾನಿಗಳಿಗೂ ಅಳುಕಿತ್ತು. ಏನೂ ಆಗಲಿಲ್ಲ. ಆಮೇಲೆ ವಾಯೇಜರ್ ನೌಕೆಗಳೂ ಸಲೀಸಾಗಿ ಹೋದವು. ಅಲ್ಲಿ ಕಲ್ಲು ಬೇಕೆಂದರೆ ಹುಡುಕಿಕೊಂಡೇ ಹೋಗಬೇಕು. 2007ರಲ್ಲಿ ಹೊರಟ ಡಾನ್ ನೌಕೆ ಸೆರೆಸ್ ತಲುಪಿದ್ದು 2015ರಲ್ಲಿ.

ಇದೇ ರಸ್ತೆಯಲ್ಲಿ ಬೆಳಕು ಎಷ್ಟು ಜೋರಾಗಿ ಓಡೀತು? ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಸೂರ್ಯನ ಬೆಳಕು ಭೂಮಿಗೆ ಬರಲು 8 ನಿಮಿಷ 20 ಸೆಕೆಂಡ್ ಬೇಕು. ಅಷ್ಟು ಹೊತ್ತಿನಲ್ಲಿ 665 ಮೀಟರ್ ಅಂದರೆ ಗಂಟೆಗೆ 4.8 ಕಿ.ಮೀ., ನಾವು ನಡೆಯುವ ವೇಗ ಅಲ್ವಾ? ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ಅದನ್ನು ಆರಾಮಾಗಿ ಹಿಂದೆ ಹಾಕುತ್ತದೆ. ನೆಪ್ಚೂನ್‌ಗೆ ಬೆಳಕು ಮುಟ್ಟಲು 4 ಗಂಟೆ 10 ನಿಮಿಷ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ನಡೆದು ಹೋದರೂ ಹೆಚ್ಚುಕಡಿಮೆ ಅಷ್ಟೇ. ಸೂರ್ಯ ಬಿಟ್ಟರೆ ನಮಗೆ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಅಲ್ಲಿಗೆ ಇದೇ ನಡಿಗೆಯಲ್ಲಿ, ಹಗಲು ರಾತ್ರಿ ಎಲ್ಲೂ ನಿಲ್ಲದೆ, 4 ವರ್ಷಕ್ಕಿಂತ ಜಾಸ್ತಿ ನಡೆಯಬೇಕು.