ಮಂಚದಡಿಯ ಬೆಕ್ಕನ್ನು ಹೊರಗೆ ತರುವುದು ಹೇಗೆ?

ಪ್ರಶ್ನೆ: ಬೀದಿಯಲ್ಲಿ ಗಾಯಗೊಂಡು, ರಕ್ಷಣಾ ಕೇಂದ್ರದಲ್ಲಿ ಚೇತರಿಸಿಕೊಂಡ ಹೆಣ್ಣು ಬೆಕ್ಕೊಂದನ್ನು ದತ್ತು ತಂದು 12 ದಿನಗಳಾದವು. ಹಗಲೆಲ್ಲ ಮಂಚದಡಿಯಲ್ಲೇ ಇರುತ್ತದೆ. ಕೈ ಚಾಚಿದರೆ ಬುಸುಗುಟ್ಟುತ್ತದೆ. ಎತ್ತಿ ಮಡಿಲಲ್ಲಿ ಕೂರಿಸಿಕೊಂಡು ರೂಢಿ ಮಾಡಿಸಬೇಕೇ?

ಉತ್ತರ: ದಯವಿಟ್ಟು ಬೇಡ. ಅಡಗಿದ ಬೆಕ್ಕನ್ನು ಎಳೆದು ತಂದು ಮುದ್ದಿಸಿದರೆ ಅದಕ್ಕೆ ಮನವರಿಕೆಯಾಗುವುದು ನಿಮ್ಮ ಪ್ರೀತಿಯಲ್ಲ, ಅಡಗುವ ಜಾಗವೂ ಸುರಕ್ಷಿತವಲ್ಲ ಎಂಬುದು. ಬುಸುಗುಟ್ಟುವುದನ್ನು ಸಿಟ್ಟೆಂದು ತಿಳಿಯುವವರೇ ಹೆಚ್ಚು. ಅದು ಹೆದರಿದ ಪ್ರಾಣಿ ಪರಚುವುದಕ್ಕೆ ಮೊದಲು ಕೊಡುವ ಎಚ್ಚರಿಕೆ. ಗದರಿದರೆ ಎಚ್ಚರಿಕೆ ನಿಂತೀತು, ಭಯ ನಿಲ್ಲದು.

ಅಡಗುವುದಕ್ಕೆ ಅವಕಾಶವಿದ್ದಷ್ಟೂ ಬೆಕ್ಕು ಬೇಗ ನಿರಾಳವಾಗುತ್ತದೆ. ಆಶ್ರಯಧಾಮಕ್ಕೆ ಹೊಸದಾಗಿ ಬಂದ ಬೆಕ್ಕುಗಳ ಬಗ್ಗೆ ನೆದರ್‌ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಡಗಲು ಪೆಟ್ಟಿಗೆಯಿದ್ದ ಬೆಕ್ಕುಗಳ ಒತ್ತಡ ಪೆಟ್ಟಿಗೆಯಿಲ್ಲದವುಗಳಿಗಿಂತ ಬೇಗ ಇಳಿದಿತ್ತು. ಆದ್ದರಿಂದ ಸದ್ದುಗದ್ದಲವಿಲ್ಲದ ಒಂದೇ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಯನ್ನು ಮಗ್ಗುಲಿಗೆ ಮಲಗಿಸಿಡಿ. ಆಹಾರ, ನೀರು ಅಲ್ಲೇ ಇರಲಿ, ಮಲವಿಸರ್ಜನೆಯ ತಟ್ಟೆ ಅವುಗಳಿಂದ ದೂರವಿರಲಿ. ನೆಂಟರಿಗೆ ತೋರಿಸುವ ಉತ್ಸಾಹವನ್ನು ಸದ್ಯಕ್ಕೆ ತಡೆಹಿಡಿಯಿರಿ.

ಮರಿಗಳು ಮನುಷ್ಯರಿಗೆ ಸುಲಭವಾಗಿ ಒಗ್ಗುವ ಕಾಲ ಸುಮಾರು 2ರಿಂದ 7 ವಾರಗಳ ನಡುವಿನದು. ಆಗ ಮನುಷ್ಯರ ಸಹವಾಸ ಸಿಗದೆ ಬೀದಿಯಲ್ಲಿ ಬೆಳೆದ ಬೆಕ್ಕಿಗೆ ವಾರಗಳಲ್ಲ, ತಿಂಗಳುಗಳೇ ಬೇಕಾಗಬಹುದು.

ಪ್ರತಿದಿನ ಅದೇ ಹೊತ್ತಿಗೆ ಬಟ್ಟಲು ಇಟ್ಟು, ಬೆಕ್ಕಿಗೆ ಮುಖ ಕೊಡದೆ ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂತು, ಮೆಲುದನಿಯಲ್ಲಿ ಏನನ್ನಾದರೂ ಓದಿಕೊಳ್ಳಿ. ನೀವಿರುವಾಗಲೇ ತಿನ್ನತೊಡಗಿದ ಮೇಲೆ ಎರಡು ಮೂರು ದಿನಕ್ಕೊಮ್ಮೆ ಬಟ್ಟಲನ್ನು ಒಂದು ಗೇಣಿನಷ್ಟು ನಿಮ್ಮತ್ತ ಸರಿಸಿ. ತಿನ್ನುವುದು ನಿಂತರೆ ಹಿಂದಿನ ಜಾಗಕ್ಕೇ ಇಡಿ. ಕಣ್ಣು ಕೂಡಿದಾಗ ದಿಟ್ಟಿಸದೆ, ತೂಕಡಿಸುವವರಂತೆ ರೆಪ್ಪೆಗಳನ್ನು ನಿಧಾನವಾಗಿ ಮುಚ್ಚಿ ತೆರೆಯಿರಿ. ಬ್ರಿಟನ್ನಿನ ಸಸೆಕ್ಸ್ ಮತ್ತು ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯಗಳ ಸಂಶೋಧಕರ 2020ರ ಅಧ್ಯಯನದಲ್ಲಿ, ಹೀಗೆ ಮಾಡಿದ ಅಪರಿಚಿತರ ಕೈಯ ಬಳಿಗೂ ಬೆಕ್ಕುಗಳು ಹೆಚ್ಚಾಗಿ ಬಂದವು.

ಮುಂದೊಂದು ದಿನ ಅದು ತಾನಾಗಿ ಹತ್ತಿರ ಬಂದಾಗ ತಲೆ ಸವರುವ ಆಸೆಯಾಗುತ್ತದೆ; ಅಲ್ಲೇ ಅನೇಕರು ಕೆಲಸ ಕೆಡಿಸಿಕೊಳ್ಳುತ್ತಾರೆ. ಮಡಚಿದ ಬೆರಳೊಂದನ್ನು ಅದರ ಮೂಗಿನ ಮಟ್ಟದಲ್ಲಿ, ತುಸು ದೂರದಲ್ಲೇ ನಿಲ್ಲಿಸಿ. ಮೂಸಿ ಹಿಂದೆ ಸರಿದರೆ ಅಂದಿನ ಮಟ್ಟಿಗೆ ಅಷ್ಟೇ. ಕೆನ್ನೆಯನ್ನು ಬೆರಳಿಗೆ ಉಜ್ಜಿದರೆ, ಕೆನ್ನೆಯ ಗ್ರಂಥಿಗಳ ವಾಸನೆಯನ್ನು ನಿಮಗೆ ಅಂಟಿಸಿತೆಂದು ಅರ್ಥ. ಆಗ ಕೆನ್ನೆ, ಗದ್ದಗಳನ್ನು ಎರಡು ಮೂರು ಸೆಕೆಂಡು ಕೆರೆದು ಕೈ ಹಿಂತೆಗೆಯಿರಿ. ಬಾಲ ಬಡಿಯುವುದು, ಕಿವಿ ಚಪ್ಪಟೆಯಾಗುವುದು, ಬೆನ್ನಿನ ಚರ್ಮ ನಡುಗುವುದು ‘ಸಾಕು’ ಎಂಬುದರ ಗುರುತುಗಳು.

ಒಂದು ವಿಷಯದಲ್ಲಿ ಮಾತ್ರ ತಾಳ್ಮೆ ಸಲ್ಲದು. 24 ಗಂಟೆ ಏನೂ ತಿನ್ನದಿದ್ದರೆ ಪಶುವೈದ್ಯರಿಗೆ ತಿಳಿಸಿ. ಕೆಲವು ದಿನ ಉಪವಾಸವಿದ್ದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಅಪಾಯವಾಗಬಹುದು. ಹಳೆಯ ಗಾಯದ ನೋವಿನಿಂದಲೂ ಅದು ಅಡಗಿರಬಹುದು. ಒಯ್ಯುವ ಬುಟ್ಟಿಯನ್ನು ಈಗಿನಿಂದಲೇ ಬಾಗಿಲು ತೆರೆದು, ಅದು ಮಲಗಿದ್ದ ಬಟ್ಟೆ ಹಾಸಿ ಕೋಣೆಯಲ್ಲಿಡಿ. ವೈದ್ಯರಲ್ಲಿಗೆ ಹೋಗುವ ದಿನ ಮಂಚದಡಿ ಕೈ ಹಾಕುವ ಪ್ರಸಂಗ ಬಾರದಿರಲಿ.