ಟೈ ಫೈಟರ್‌ನಲ್ಲಿ ಶತ್ರು ಯಾಕೆ ಗುರಿಗೆ ಸಿಗಲ್ಲ?

ಪ್ರಶ್ನೆ: ಸ್ಟಾರ್ ವಾರ್ಸ್ ಸಿನಿಮಾ ಆಧರಿಸಿದ, 1994ರ ಟೈ ಫೈಟರ್ ಕಂಪ್ಯೂಟರ್ ಆಟವನ್ನು ಈಗ ಮತ್ತೆ ಶುರು ಮಾಡಿದ್ದೇನೆ. ಎಷ್ಟು ಅಟ್ಟಿಸಿಕೊಂಡು ಹೋದರೂ ಶತ್ರು ನೌಕೆ ಗುರಿಗೆ ಸಿಗಲ್ಲ, ಸುಮ್ನೆ ಸುತ್ತುತ್ತಲೇ ಇರ್ತೀನಿ. ಒಳ್ಳೆ ಜಾಯ್‌ಸ್ಟಿಕ್ ತಗೊಂಡರೆ ಸರಿಹೋಗುತ್ತಾ?

ಸರಿಹೋಗಲ್ಲ. ಡಾಸ್ (ವಿಂಡೋಸ್‌ಗಿಂತ ಹಳೆಯ ಕಂಪ್ಯೂಟರ್ ವ್ಯವಸ್ಥೆ) ಆವೃತ್ತಿಯನ್ನು ಮೌಸ್‌ನಲ್ಲೂ ಚೆನ್ನಾಗಿ ಆಡಬಹುದು. 1998ರ ವಿಂಡೋಸ್ ಆವೃತ್ತಿಗೆ ಮಾತ್ರ ಜಾಯ್‌ಸ್ಟಿಕ್ ಬೇಕೇ ಬೇಕು.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ನಾನು ತಿರುಗಿ ಕೇಳುವುದು ಒಂದೇ: ಆಗ ನಿಮ್ಮ ವೇಗ ಎಷ್ಟಿತ್ತು? ಬರುವ ಉತ್ತರವೂ ಒಂದೇ: ಫುಲ್ ಸ್ಪೀಡ್.

ತೊಂದರೆ ಇರುವುದೇ ಅಲ್ಲಿ. ವೇಗ ಜಾಸ್ತಿಯಾದಷ್ಟೂ ಗೆಲುವು ಹತ್ತಿರ ಅನ್ನುವ ನಂಬಿಕೆ ಅದೆಲ್ಲಿಂದ ಬಂತೋ, ಇಷ್ಟು ವರ್ಷವಾದರೂ ಹೋಗಿಲ್ಲ. ಈ ಆಟದಲ್ಲಿ ನೌಕೆ ಅತಿ ಚುರುಕಾಗಿ ತಿರುಗುವುದು ಥ್ರಾಟಲ್, ಅಂದರೆ ವೇಗದ ನಿಯಂತ್ರಣ, ಮೂರನೇ ಒಂದು ಭಾಗದಲ್ಲಿದ್ದಾಗ. ಪೂರ್ತಿ ವೇಗದಲ್ಲಿ ನೀವು ದೊಡ್ಡ ವೃತ್ತ ಹಾಕುತ್ತೀರಿ. ಶತ್ರುವೂ ಅಂಥದ್ದೇ ವೃತ್ತ ಹಾಕುತ್ತಾನೆ. ಇಬ್ಬರೂ ಗಾಣದ ಎತ್ತಿನ ಹಾಗೆ ಸುತ್ತುತ್ತಿದ್ದರೆ ಯಾರು ಯಾರಿಗೆ ಸಿಗಬೇಕು?

ಒಮ್ಮೆ ಹೀಗೆ ಮಾಡಿ ನೋಡಿ. ಶತ್ರು ನಿಮ್ಮನ್ನು ದಾಟಿ ಹೋದ ಕೂಡಲೇ ಎಡ ಚೌಕ ಕಂಸದ ಕೀ ಒತ್ತಿ. ವೇಗ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಈಗ ತಿರುಗಿ. ಪರದೆಯ ಅಂಚಿನಲ್ಲೇ ಜಾರುತ್ತಿದ್ದ ನೌಕೆ ನಿಧಾನವಾಗಿ ನಡುವಿಗೆ ಬರುತ್ತದೆ. ಬಂತಾ? ಎಂಟರ್ ಒತ್ತಿ, ಅದರ ವೇಗಕ್ಕೆ ನಿಮ್ಮ ವೇಗ ಹೊಂದಿಕೊಳ್ಳುತ್ತದೆ. ಗುರಿಯ ಗುರುತು ಹಸಿರಾಗುವವರೆಗೆ ಕಾಯಿರಿ, ಆಮೇಲೆ ಹೊಡೆಯಿರಿ. ಅದು ದೂರ ಓಡಿದರೆ ಆಗ ಬ್ಯಾಕ್‌ಸ್ಪೇಸ್, ಅಂದರೆ ಪೂರ್ತಿ ವೇಗ.

"ಎ-ವಿಂಗ್ ವೇಗ 120, ನನ್ನದು ಬರೀ 100. ನಿಧಾನ ಮಾಡಿದರೆ ತಪ್ಪಿಸಿಕೊಳ್ಳಲ್ವಾ?" ಇದು ಖಂಡಿತ ಬರುವ ಎರಡನೇ ಪ್ರಶ್ನೆ. (ಎ-ವಿಂಗ್ ಅಂದರೆ ಶತ್ರುಗಳ ವೇಗದ ಪುಟ್ಟ ನೌಕೆ.) ಅಲ್ಲಾ, ಪೂರ್ತಿ ವೇಗದಲ್ಲಿ ಹೋದರೆ ಮಾತ್ರ ಅದು ಸಿಗುತ್ತದೆಯೇ? 120ನ್ನು 100 ಯಾವತ್ತೂ ಮುಟ್ಟಲ್ಲ. ಆದರೆ ಎ-ವಿಂಗ್ ಓಡಿಹೋಗಲು ಬಂದಿಲ್ಲ, ನಿಮ್ಮನ್ನು ಹೊಡೆಯಲು ಬಂದಿದೆ. ತಿರುಗಿ ಬಂದೇ ಬರುತ್ತದೆ. ಬರುವಾಗ ನಿಮ್ಮ ಮೂತಿ ಅದರ ಕಡೆ ಇದ್ದರೆ ಸಾಕು.

ಇನ್ನೊಂದು ವಿಷಯ. ಎಫ್9 ಒತ್ತಿ ಲೇಸರ್ ಚಾರ್ಜಿಂಗ್ ಏರಿಸಿದರೆ ಎಂಜಿನ್‌ಗೆ ಹೋಗುವ ಶಕ್ತಿ ಕಡಿಮೆಯಾಗುತ್ತದೆ. ಅದನ್ನು ಮೇಲೇ ಇಟ್ಟು ಮರೆತು, ನೌಕೆ ಓಡುತ್ತಿಲ್ಲ ಎಂದು ದೂರುವವರು ಬಹಳ ಜನ. ಲೇಸರ್ ತುಂಬಿದ ಮೇಲೆ ಇಳಿಸಿ.

ಯಾವ ಆವೃತ್ತಿ ಆಡಬೇಕು? 1995ರ ಸಿ.ಡಿ. ಆವೃತ್ತಿ. ಚಿತ್ರ 640×480ರಷ್ಟು ಸ್ಪಷ್ಟ, ಮಾತೂ ಕೇಳಿಸುತ್ತದೆ. ಎಲ್ಲಕ್ಕಿಂತ ಮುಖ್ಯ, ಶತ್ರು ಹಡಗು ಬಂದಾಗ ಸಂಗೀತವೂ ತಕ್ಷಣ ಬದಲಾಗುತ್ತದೆ. ಎಷ್ಟೋ ಸಲ ನನಗೆ ಕಣ್ಣಿಗಿಂತ ಮೊದಲು ಕಿವಿಗೇ ಗೊತ್ತಾಗಿದೆ. 1998ರ ಆವೃತ್ತಿಯಲ್ಲಿ ಆ ಸಂಗೀತ ತೆಗೆದು ಸಿನಿಮಾದ ಧ್ವನಿಮುದ್ರಣ ಹಾಕಿದರು. ನನಗೆ ಇವತ್ತಿಗೂ ಅದು ಬೇಸರ.

ಗಾಳಿಯೇ ಇಲ್ಲದ ಬಾಹ್ಯಾಕಾಶದಲ್ಲಿ ತಿರುಗೋಕೆ ವೇಗ ಯಾಕೆ ಇಳಿಸಬೇಕು? ಇದನ್ನು ಯಾರೂ ಕೇಳಲ್ಲ, ಕೇಳಬೇಕಿತ್ತು. ಈ ಆಟ ಮಾಡಿದ ಲಾರೆನ್ಸ್ ಹಾಲೆಂಡ್ ಅದಕ್ಕೂ ಮೊದಲು ಎರಡನೇ ಮಹಾಯುದ್ಧದ ವಿಮಾನಗಳ ಆಟಗಳನ್ನು ಮಾಡಿದ್ದರು. 1988ರಲ್ಲಿ ಬ್ಯಾಟಲ್‌ಹಾಕ್ಸ್ 1942, ಆಮೇಲೆ ಇನ್ನೆರಡು. ಟೈ ಫೈಟರ್‌ನ ಕಾಳಗ ಕೂಡ ವಿಮಾನಗಳ ಕಾಳಗವೇ, ಸುತ್ತ ನಕ್ಷತ್ರಗಳಿವೆ ಅಷ್ಟೆ. ನಿಜವಾದ ನ್ಯೂಟನ್ ನಿಯಮ ಬೇಕಿದ್ದವರಿಗೆ 1993ರಲ್ಲೇ ಡೇವಿಡ್ ಬ್ರೇಬೆನ್ ಅವರ ಫ್ರಾಂಟಿಯರ್ ಎಂಬ ಆಟ ಇತ್ತು. ಅಲ್ಲಿ ಎಂಜಿನ್ ಆರಿಸಿದರೂ ನೌಕೆ ನಿಲ್ಲಲ್ಲ. ಇಬ್ಬರು ಎದುರುಬದುರಾಗಿ ಬಂದು, ಒಂದೆರಡು ಗುಂಡು ಹಾರಿಸಿ, ಒಬ್ಬರನ್ನೊಬ್ಬರು ದಾಟಿ ಬಹುದೂರ ಹೋಗಿಬಿಡುತ್ತಾರೆ. ಮೂರನೇ ಒಂದು ಭಾಗದ ಉಪಾಯ ಅಲ್ಲಿ ನಡೆಯಲ್ಲ. ಅಲ್ಲಿ ಗುರಿ ಹಿಡಿಯುವುದು ಹೇಗೆ ಅಂತ ಯಾರಾದರೂ ಕೇಳಿದರೆ, ಅದನ್ನು ಖುಷಿಯಿಂದ ಬರೆಯುತ್ತೇನೆ.