ಗುಂಪು ಬಿಟ್ಟು ಎಷ್ಟು ದೂರ ಹೋಗಬಹುದು? ಹಾಯಿದೋಣಿ ರೇಸಿನ ಟಿಪ್ಪಣಿ

ಮಾಟುಂಗಾ, ಡೊಂಬಿವಲಿಯಿಂದ ಮುಂಬೈನ ಕೊಲಾಬಾಕ್ಕೆ ಬಂದು ಹಾಯಿದೋಣಿ ಕಲಿಯುವ ನಮ್ಮವರು ರೇಸ್ ಮುಗಿದ ಮೇಲೆ ಕೇಳುವುದು ಒಂದೇ: ಎಡಕ್ಕೆ ಹೋಗಬೇಕಿತ್ತಾ, ಬಲಕ್ಕಾ? ನಾನಾದರೆ ಮೊದಲು ಕೇಳುವುದು, ಉಳಿದವರಿಂದ ಎಷ್ಟು ದೂರ ಹೋದಿರಿ ಅಂತ. ನೀವು ಎಷ್ಟು ಪಣಕ್ಕಿಟ್ಟಿರಿ ಎನ್ನುವುದು ಆ ದೂರದಲ್ಲೇ ಇದೆ.

ಸುತ್ತಬೇಕಾದ ತೇಲುಗುರುತು, ಅಂದರೆ ಮಾರ್ಕ್, ಗಾಳಿ ಬರುವ ದಿಕ್ಕಿನಲ್ಲಿದ್ದಾಗ ನೇರ ಹೋಗಲಾಗದು; ಗಾಳಿಗೆ ಎದುರಾಗಿ ದೋಣಿ ಸುಮಾರು 45 ಡಿಗ್ರಿಯಲ್ಲಿ ಅಂಕುಡೊಂಕಾಗಿ ಸಾಗುತ್ತದೆ. ನೀವೂ ಎದುರಾಳಿಯೂ ಸರಿಸಮ ಇದ್ದೀರಿ, ಅಡ್ಡಕ್ಕೆ 100 ಮೀಟರ್ ಅಂತರ ಎಂದುಕೊಳ್ಳಿ. ಗಾಳಿ ನಿಮ್ಮ ಕಡೆಗೆ 10 ಡಿಗ್ರಿ ತಿರುಗಿದರೆ ಸುಮಾರು 25 ಮೀಟರ್ ಲಾಭ. ಅವರ ಕಡೆಗೆ ತಿರುಗಿದರೆ ಅಷ್ಟೇ ನಷ್ಟ. ಅಂತರ 400 ಮೀಟರ್ ಆದರೆ ಅದೇ 10 ಡಿಗ್ರಿಗೆ 100 ಮೀಟರ್. ಇನ್ನು ತಿರುಗದೆ ಒಂದೇ ಓಟಕ್ಕೆ ಮಾರ್ಕ್ ಮುಟ್ಟಬಹುದಾದ ಗೆರೆ ಲೇಲೈನ್. ಅದನ್ನು ಬೇಗ ಮುಟ್ಟಿದಿರೋ, ಕಥೆ ಮುಗಿಯಿತು: ಗಾಳಿ ಒಲಿದರೂ ಮಾರ್ಕ್ ಮೀರಿ ಹೋದ ದೂರ ದಂಡ, ಮುನಿದರೆ ಆಚೆ ಬದಿಯವರಿಗೆ ಹಬ್ಬ.

ಮುಂಬೈ ಬಂದರಿನಲ್ಲಿ ಇದಕ್ಕೆ ಇನ್ನೊಂದು ತೊಡಕು. ಮಧ್ಯಾಹ್ನದ ವಾಯವ್ಯ ಗಾಳಿ ಕೊಲಾಬಾದ ಕಟ್ಟಡಗಳನ್ನು ದಾಟಿ ನೀರಿಗಿಳಿಯುತ್ತದೆ. ಇಳಿತದ ಹೊತ್ತಿಗೆ ಸೆಳೆತ ದಕ್ಷಿಣಕ್ಕೆ, ಕಡಲಿನತ್ತ. ಹುಣ್ಣಿಮೆ-ಅಮಾವಾಸ್ಯೆಯ ಆಸುಪಾಸಿನಲ್ಲಂತೂ ಬಹಳ ಜೋರು. ದಡದ ಹತ್ತಿರ ಆಳ ಕಡಿಮೆ, ಸೆಳೆತವೂ ಕಡಿಮೆ. ಆದರೆ ಅಲ್ಲಿ ಗಾಳಿ ತುಂಡುತುಂಡು: ಗೇಟ್‌ವೇ ಎದುರು ನಿಮ್ಮ ಹಾಯಿ ಪಟಪಟ ಬಡಿದು ದೋಣಿ ನಿಂತಿರುತ್ತದೆ, ತುಸು ಹೊರಗಿನವರು ವಾಲಿಕೊಂಡು ಓಡುತ್ತಿರುತ್ತಾರೆ. (ಎಲಿಫೆಂಟಾ ಲಾಂಚ್‌ಗಳ ಅಲೆ ಬೇರೆ!) ಸೆಳೆತವನ್ನು ಟೈಡ್ ಟೇಬಲ್ ನೋಡಿ ಅಂದಾಜು ಮಾಡಬಹುದು, ಕಟ್ಟಡಗಳ ಹಿಂದಿನ ಗಾಳಿಯನ್ನು ಆಗದು. ಹಾಗಾಗಿ ಇಳಿತ ಜೋರಿದ್ದರೆ ದಡದ ಕಡೆ ಸರಿಯಿರಿ, ಮರೆಗೆ ನುಗ್ಗಬೇಡಿ.

ಇನ್ನು ಅಂಕ. ಮೊದಲ ಸ್ಥಾನಕ್ಕೆ 1, ಎರಡನೆಯದಕ್ಕೆ 2. ಕಡಿಮೆ ಇದ್ದವರು ಗೆದ್ದಂತೆ. 30 ದೋಣಿಗಳಲ್ಲಿ 5ನೆಯವರು ಗುಂಪು ಬಿಟ್ಟು ಒಂದು ಬದಿಯ ಮೂಲೆಗೆ ಹೋದರೆ ಉಳಿಸಬಹುದಾದದ್ದು ಹೆಚ್ಚೆಂದರೆ 4 ಅಂಕ, ಕಳೆದುಕೊಳ್ಳಬಹುದಾದದ್ದು 25. ಅಲ್ಲಿ ಗುಂಪಿನಲ್ಲಿ ಗೋವಿಂದ ಎನ್ನುವುದೇ ಜಾಣತನ. 25ನೆಯವರಿಗೆ ಲೆಕ್ಕ ತಲೆಕೆಳಗು, ಆದರೂ ಮೂಲೆಯತ್ತ ಅರ್ಧ ದಾರಿಯಷ್ಟು ಸರಿದರೆ ಸಾಕು ಎಂದು ನನ್ನ ಮತ. ಸ್ಟಾರ್ಟ್‌ನಲ್ಲಿ ಗೆರೆ ಮೊದಲೇ ದಾಟಿ ವಾಪಸ್ ಬರದಿದ್ದರೆ ಬೀಳುವುದು 31. ಸರಣಿಯಲ್ಲಿ ಒಂದು ಕೆಟ್ಟ ಫಲಿತಾಂಶ ಕೈಬಿಡಬಹುದು ಎಂದಿದ್ದರೆ, ಆ ರಿಯಾಯಿತಿ ಮೊದಲ ರೇಸಿಗೇ ಖರ್ಚಾಗದಿರಲಿ.

ಕೊನೆಯ ರೇಸಿನಲ್ಲಿ ಒಟ್ಟು ಅಂಕದಲ್ಲಿ ನಿಮ್ಮನ್ನು ಹಿಂದಿಕ್ಕಬಲ್ಲವರು ಒಬ್ಬರೇ ಇದ್ದಾರೆಯೇ? ಅವರು ಟ್ಯಾಕ್ ಮಾಡಿದಾಗ, ಅಂದರೆ ಮೂತಿಯನ್ನು ಗಾಳಿಗೆ ಅಡ್ಡ ಹಾಯಿಸಿ ಇನ್ನೊಂದು ಬದಿಗೆ ತಿರುಗಿದಾಗ, ನೀವೂ ಮಾಡಿ. ಅವರು ಹಿಡಿದದ್ದು ತಪ್ಪು ದಾರಿ ಅನ್ನಿಸಿದರೂ ಜತೆಗೇ ಹೋಗಿ: ಅಂತರ ಇಲ್ಲದಿದ್ದರೆ ಗಾಳಿ ತಿರುಗಿದರೂ ಅವರಿಗೆ ಲಾಭ ಸಿಗದು.